ಟ್ಯಾಂಕಿಗೆ ಹೇಳುವವರು ಯಾರು, ಯುದ್ಧ ಮುಗಿಯಿತೆಂದು?

ಎಪ್ಪತ್ತು ವರ್ಷಗಳ ಹಿಂದೆ ಕಾಂಕ್ರೀಟ್ ಸುರಿದು ಹೂತಿಟ್ಟಿದ್ದ ಒಂದು ಟ್ಯಾಂಕಿಗೆ ಎಚ್ಚರವಾಗುತ್ತದೆ. ಹತ್ತಿರದಲ್ಲೇ ಯಾರೋ ಹೊಸ ಕಟ್ಟಡದ ಕೆಲಸಕ್ಕೆ ಬಂಡೆ ಸಿಡಿಸುತ್ತಿದ್ದಾರೆ. ಆ ಸದ್ದು ಟ್ಯಾಂಕಿಗೆ ಶತ್ರುವಿನ ದಾಳಿಯಾಗಿ ಕೇಳುತ್ತದೆ. ತನ್ನ ಮೈಯನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ: ಯಾವುದು ಸತ್ತಿದೆ, ಯಾವುದು ತಿರುಗುತ್ತದೆ, ಶಕ್ತಿ ಎಷ್ಟು ಉಳಿದಿದೆ. ಉಳಿದಿರುವುದು ತೀರಾ ಕಡಿಮೆ. ಆದರೂ ಕಾಂಕ್ರೀಟನ್ನು ಸೀಳಿಕೊಂಡು ಮೇಲೆ ಬಂದು, ಶತ್ರುವಿನ ನೆಲೆ ಎಂದುಕೊಂಡು ಜನ ತುಂಬಿದ ಊರಿನ ಕಡೆ ಹೊರಡುತ್ತದೆ. ಯುದ್ಧ ಮುಗಿದು ತಲೆಮಾರುಗಳೇ ಕಳೆದಿವೆ. ಅದನ್ನು ಟ್ಯಾಂಕಿಗೆ ಹೇಳಿದವರಿಲ್ಲ.

ಇದು ಕೀತ್ ಲಾಮರ್ ಎಂಬ ಅಮೆರಿಕದ ಲೇಖಕ 1967ರಲ್ಲಿ ಪ್ರಕಟಿಸಿದ ‘ದಿ ಲಾಸ್ಟ್ ಕಮಾಂಡ್’ ಎಂಬ ಸಣ್ಣಕಥೆ. ಮುಂದೆ ಆಗುವುದಿಷ್ಟು. ಆ ಯಂತ್ರವನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಕೊನೆಗೆ ಹಣ್ಣು ಹಣ್ಣು ಮುದುಕನೊಬ್ಬ ಬರುತ್ತಾನೆ. ಹರೆಯದಲ್ಲಿ ಅದೇ ಟ್ಯಾಂಕಿನ ಕಮಾಂಡರ್ ಆಗಿದ್ದವನು. ಟ್ಯಾಂಕಿನ ಮೈಯೆಲ್ಲ ವಿಕಿರಣ. ಅದನ್ನು ಹೂತದ್ದೂ ಆ ಕಾರಣಕ್ಕೇ. ಹತ್ತಿರ ಹೋದವನು ಬದುಕುವುದಿಲ್ಲ. ಗೊತ್ತಿದ್ದೇ ಹೋಗಿ ನಿಲ್ಲು ಎನ್ನುತ್ತಾನೆ, ಟ್ಯಾಂಕ್ ನಿಲ್ಲುತ್ತದೆ. ಆಮೇಲೆ ಅದರ ಮೇಲೆ ಹತ್ತಿ ಕೂತು ಊರಾಚೆಯ ಮರುಭೂಮಿಗೆ ಕರೆದುಕೊಂಡು ಹೋಗುತ್ತಾನೆ.

ಯೋಚಿಸುವ ಯುದ್ಧಯಂತ್ರಗಳ ಕಥೆ ಎಂದರೆ ಸಿನಿಮಾ ನೋಡಿದವರಿಗೆ ಒಂದೇ ಚಿತ್ರ ಕಣ್ಣಿಗೆ ಬರುತ್ತದೆ: ಯಂತ್ರ ತಿರುಗಿಬಿದ್ದು ಮಾನವಕುಲವನ್ನು ಮುಗಿಸಲು ಹೊರಟಿದೆ. ಈ ಜಾತಿಯ ಒಳ್ಳೆಯ ಕಥೆಗಳಲ್ಲಿ ಹೆಚ್ಚಿನವು ಹಾಗಿಲ್ಲ. ಅಲ್ಲಿ ಯಂತ್ರ ಹೇಳಿದ ಮಾತು ಮೀರುವುದಿಲ್ಲ. ಅದೇ ತೊಂದರೆ.

ನಾನು ಸೈನ್ಯದಲ್ಲಿ ಟ್ಯಾಂಕ್ ರಿಪೇರಿ ಮಾಡುತ್ತಿದ್ದವನು. ಇಎಂಇ, ಅಂದರೆ ಯಂತ್ರಗಳನ್ನು ನೋಡಿಕೊಳ್ಳುವ ದಳಕ್ಕೆ ಕ್ರಾಫ್ಟ್ಸ್‌ಮನ್ ಆಗಿ ಸೇರಿ, ಹವಾಲ್ದಾರ್ ಆಗಿ ಪೆನ್ಷನ್ ಬಂದೆ. ಟ್ಯಾಂಕ್ ರೆಜಿಮೆಂಟಿನ ಬೆನ್ನಿಗೇ ಇರುವ ಸಣ್ಣ ದುರಸ್ತಿ ತುಕಡಿಗಳಲ್ಲೇ ನನ್ನ ಹೆಚ್ಚಿನ ನೌಕರಿ ಕಳೆಯಿತು. ಜವಾನರಿಗೆಂದು ಇರುವ ಇನ್‌ಫರ್ಮೇಶನ್ ರೂಮಿನಲ್ಲಿ ಯಾರೋ ಆಫೀಸರ್ ವರ್ಗವಾಗಿ ಹೋಗುವಾಗ ಬಿಟ್ಟುಹೋದ ಪುಸ್ತಕಗಳ ರಾಶಿಯಿತ್ತು. ಒಂದರ ಮುಖಪುಟದಲ್ಲಿ ಮನೆಯಷ್ಟು ದೊಡ್ಡ ಟ್ಯಾಂಕ್. ಅದನ್ನು ಬಿಡಿಸಿದವನಿಗೆ ಚೈನ್ ಹೇಗೆ ಕೂರುತ್ತದೆ ಎಂಬುದೇ ಗೊತ್ತಿರಲಿಲ್ಲ. ಆ ಸಿಟ್ಟಿಗೇ ಪುಸ್ತಕ ಕೈಗೆತ್ತಿಕೊಂಡೆ. ಡಿಕ್ಷನರಿ ಇಟ್ಟುಕೊಂಡು ಓದಿದ ನನ್ನ ಮೊದಲ ಇಂಗ್ಲಿಷ್ ಕಥೆಗಳು ಅವೇ. ಆಮೇಲೆ ರಜೆಗೆ ಬಂದಾಗಲೆಲ್ಲ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಇಂಥವನ್ನೇ ಹುಡುಕುವ ಚಟ ಹತ್ತಿತು.

ಆ ದೊಡ್ಡ ಟ್ಯಾಂಕಿನ ಹೆಸರು ಬೋಲೋ. ಲಾಮರ್ 1925ರಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯದಲ್ಲಿದ್ದು, ಮುಂದೆ ವಾಯುಪಡೆಯಲ್ಲಿ ಅಧಿಕಾರಿಯಾಗಿ, ನಡುವೆ ಬರ್ಮಾದಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿಯಲ್ಲೂ ಕೆಲಸ ಮಾಡಿದರು. ರಾಜತಾಂತ್ರಿಕರನ್ನು ಗೇಲಿ ಮಾಡುವ ರೆಟೀಫ್ ಕಥೆಗಳಿಂದಲೇ ಅವರಿಗೆ ಹೆಚ್ಚು ಹೆಸರು. ಮೊದಲ ಬೋಲೋ ಕಥೆ ‘ಕಾಂಬ್ಯಾಟ್ ಯೂನಿಟ್’ ಬಂದದ್ದು 1960ರಲ್ಲಿ. 1976ರಲ್ಲಿ ಈ ಕಥೆಗಳು ಒಂದು ಸಂಕಲನವಾದವು. ಅದರ ಜೊತೆಗೆ ಲಾಮರ್ ಒಂದು ತಮಾಷೆ ಮಾಡಿದ್ದಾರೆ: ಬೋಲೋಗಳ ‘ಇತಿಹಾಸ’ವನ್ನು ಪಠ್ಯಪುಸ್ತಕದ ಗಂಭೀರ ದನಿಯಲ್ಲಿ ಬರೆದು ಸೇರಿಸಿದ್ದಾರೆ. ಅದರ ಪ್ರಕಾರ ಮೊದಲ ಬೋಲೋವನ್ನು ಮಾಡಿದ್ದು ಜನರಲ್ ಮೋಟರ್ಸ್ ಕಂಪನಿಯ ಒಂದು ವಿಭಾಗ. ಅಲ್ಲಿಂದ ಮಾದರಿಗೊಂದು ಮಾದರಿ ಏರುತ್ತ, ಮನುಷ್ಯರು ಒಬ್ಬೊಬ್ಬರಾಗಿ ಕೆಳಗಿಳಿದು, ಕೊನೆಗೆ ಟ್ಯಾಂಕ್ ತಾನೇ ನೋಡಿ, ತಾನೇ ಯೋಚಿಸಿ, ತಾನೇ ಹೊಡೆಯುವಂತಾಗುತ್ತದೆ. ಡೈನೋಕ್ರೋಮ್ ಬ್ರಿಗೇಡ್ ಎಂಬುದು ಅವುಗಳ ದಳ.

ಒಬ್ಬೊಬ್ಬರಾಗಿ ಇಳಿಯುವುದು ಕಟ್ಟುಕಥೆಯಲ್ಲ, ನಾನೇ ಕಂಡಿದ್ದೇನೆ. ಆವಡಿಯಲ್ಲಿ ತಯಾರಾಗುತ್ತಿದ್ದ ವಿಜಯಂತ ಟ್ಯಾಂಕಿನಲ್ಲಿ ನಾಲ್ಕು ಜನ: ಕಮಾಂಡರ್, ಗನ್ನರ್, ಡ್ರೈವರ್, ಲೋಡರ್. ಲೋಡರ್ ಎಂದರೆ ಹದಿನೆಂಟು ಇಪ್ಪತ್ತು ಕಿಲೋ ತೂಗುವ ಗುಂಡನ್ನು ಎತ್ತಿ ಫಿರಂಗಿಯ ಹಿಂಬದಿಗೆ ತುರುಕುವವನು. ಒಳಗೆ ಬೆಂಕಿಯಂಥ ಸೆಕೆ, ಟ್ಯಾಂಕ್ ಹಳ್ಳಕ್ಕೆ ಬಿದ್ದೇಳುತ್ತಿರುವಾಗಲೂ ಕೈ ನಿಲ್ಲುವಂತಿಲ್ಲ. ರಷ್ಯಾದ ವಿನ್ಯಾಸದ ಟಿ-72 ಬಂದಾಗ ಲೋಡರ್ ಇಲ್ಲ. ಗನ್ನರ್ ಮತ್ತು ಕಮಾಂಡರ್ ಕಾಲ ಕೆಳಗೆ ಒಂದು ಗುಂಡನೆಯ ತಟ್ಟೆ. ಅದರಲ್ಲಿ 22 ಗುಂಡುಗಳು ವೃತ್ತಾಕಾರವಾಗಿ ಮಲಗಿರುತ್ತವೆ. ಬೇಕಾದ ಬಗೆಯ ಗುಂಡು ಆರಿಸಿ ಗುಂಡಿ ಒತ್ತಿದರೆ ತಟ್ಟೆ ತಿರುಗಿ, ಗುಂಡು ಮೇಲೆದ್ದು, ಯಂತ್ರವೇ ಅದನ್ನು ಫಿರಂಗಿಯೊಳಕ್ಕೆ ತಳ್ಳುತ್ತದೆ. ಮೊದಲ ಸಲ ನೋಡಿದಾಗ ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಆದರೆ ಕೆಸರಲ್ಲಿ ಚೈನ್ ಬಿಟ್ಟಾಗ ಅದನ್ನು ಎಳೆದು ಕೂರಿಸುವ ಕೆಲಸ, ರಾತ್ರಿ ಪಹರೆ, ಡೀಸೆಲ್ ತುಂಬುವುದು, ಫಿರಂಗಿಯ ನಳಿಗೆ ಉಜ್ಜುವುದು ಇವೆಲ್ಲ ಹಿಂದೆ ನಾಲ್ವರ ಪಾಲಿಗಿದ್ದದ್ದು ಈಗ ಮೂವರ ಪಾಲಾಯಿತು. ಯಂತ್ರ ಒಬ್ಬನ ಕುರ್ಚಿ ತೆಗೆದುಕೊಂಡಿತು, ಅವನ ಕೂಲಿಯನ್ನು ಉಳಿದವರ ತಲೆಗೆ ಕಟ್ಟಿತು. ಇದು ಯಾವ ಬೋಲೋ ಕಥೆಯಲ್ಲೂ ಬರುವುದಿಲ್ಲ. ಸಾವಿರಗಟ್ಟಲೆ ಟನ್ನಿನ ಆ ಯಂತ್ರಗಳಿಗೆ ಗ್ರೀಸ್ ಹಾಕುವವರು ಯಾರೆಂದು ನಾನು ಹುಡುಕಿಕೊಂಡೇ ಇದ್ದೇನೆ.

ಆದರೂ ‘ಕಾಂಬ್ಯಾಟ್ ಯೂನಿಟ್’ ನನಗೆ ಇಷ್ಟ. ಅದರಲ್ಲಿ ಕಥೆ ಹೇಳುವುದು ಟ್ಯಾಂಕೇ. ಶತ್ರುವಿನ ಕೈಗೆ ಸಿಕ್ಕು, ಅರ್ಧಂಬರ್ಧ ಬಿಚ್ಚಿಹಾಕಿದ ಸ್ಥಿತಿಯಲ್ಲಿ ಅದಕ್ಕೆ ಪ್ರಜ್ಞೆ ಮರಳುತ್ತದೆ. ಗಾಬರಿಯಿಲ್ಲ, ಗೋಳಿಲ್ಲ. ಒಂದೊಂದು ಭಾಗಕ್ಕೂ ವಿದ್ಯುತ್ ಹರಿಸಿ ನೋಡುತ್ತದೆ. ಇದು ಸತ್ತಿದೆ, ಇದು ಇದೆ, ಇದು ಇದ್ದರೂ ಇಲ್ಲದಂತೆ ಎಂದು ಲೆಕ್ಕ ಹಾಕುತ್ತದೆ. ಶತ್ರುವಿಗೆ ತಾನು ಎಚ್ಚರಗೊಂಡದ್ದು ತಿಳಿಯಬಾರದೆಂದು ಹೆಣದಂತೆ ಬಿದ್ದಿರುತ್ತದೆ. ನಮ್ಮ ಉಸ್ತಾದರು ಕೆಟ್ಟ ಇಂಜಿನ್ನಿನ ಮುಂದೆ ನಿಲ್ಲಿಸಿ ಹೇಳಿಕೊಡುತ್ತಿದ್ದದ್ದೂ ಇದನ್ನೇ: ಏನು ಕೆಟ್ಟಿದೆ ಎಂದು ಹುಡುಕುವ ಮೊದಲು ಏನು ನೆಟ್ಟಗಿದೆ ಬರೆದುಕೋ. ಕಥೆಗಾರನಿಗೆ ಅದು ಹೇಗೆ ಗೊತ್ತಾಯಿತೋ. ಮನುಷ್ಯನ ಭಯ, ಸಂಕಟ ಯಾವುದನ್ನೂ ಹೇಳದೆ ಬರೀ ತಪಾಸಣೆಯ ಪಟ್ಟಿಯಿಂದಲೇ ಒಂದು ಜೀವ ಕಣ್ಣ ಮುಂದೆ ಬರುವಂತೆ ಮಾಡಿದ್ದಾರೆ. ಓದುಗ ತನಗರಿವಿಲ್ಲದೆ ಟ್ಯಾಂಕಿನ ಪಕ್ಷ ವಹಿಸುತ್ತಾನೆ. ಅದು ಗೆದ್ದರೆ ಸಾಯುವವರು ಯಾರು, ಅವರು ಮಾಡಿದ ತಪ್ಪೇನು ಎಂದು ಕೇಳಲು ಬಿಡುವೇ ಸಿಗುವುದಿಲ್ಲ. ಈ ಸಾಹಿತ್ಯದ ಮೋಡಿಯೂ ಅದೇ, ಮೋಸವೂ ಅದೇ.

ಇದಕ್ಕೆ ತದ್ವಿರುದ್ಧವಾಗಿ ನಿಂತವರು ಫ್ರೆಡ್ ಸೇಬರ್‌ಹೇಗನ್. ಮೊದಲು ವಾಯುಪಡೆಯಲ್ಲಿದ್ದು, ಆಮೇಲೆ ಮೋಟೊರೋಲಾದಲ್ಲಿ ಎಲೆಕ್ಟ್ರಾನಿಕ್ಸ್ ತಂತ್ರಜ್ಞರಾಗಿದ್ದವರು. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾಕ್ಕೂ ದುಡಿದರು. ನನ್ನಂತೆಯೇ ಕೈಗೆ ಮಸಿ ಹತ್ತಿಸಿಕೊಂಡವರು ಎಂದು ಅವರ ಮೇಲೆ ನನಗೊಂದು ಪಕ್ಷಪಾತವಿದೆ. 1963ರಿಂದ ಅವರು ಬರೆದ ಬರ್ಸರ್ಕರ್ ಕಥೆಗಳ ಹಿನ್ನೆಲೆ ಹೀಗಿದೆ. ಲೆಕ್ಕವಿಲ್ಲದಷ್ಟು ಹಿಂದೆ ಎರಡು ಜನಾಂಗಗಳು ಆಕಾಶದಲ್ಲಿ ಹೊಡೆದಾಡಿದವು. ಒಂದು ಜನಾಂಗ ಕೊನೆಯ ಅಸ್ತ್ರವಾಗಿ ತಾವೇ ತಮ್ಮನ್ನು ದುರಸ್ತಿ ಮಾಡಿಕೊಳ್ಳುವ ಕೊಲೆ ಹಡಗುಗಳನ್ನು ಮಾಡಿ ಬಿಟ್ಟಿತು. ಶತ್ರು ಸತ್ತ, ಮಾಡಿದವನೂ ಸತ್ತ. ಜೀವ ಎಲ್ಲಿ ಕಂಡರೂ ಅಳಿಸು ಎಂಬ ಆಜ್ಞೆ ಮಾತ್ರ ಉಳಿಯಿತು. ಹಡಗುಗಳು ಯುಗಯುಗಗಳಿಂದ ಅದನ್ನು ಪಾಲಿಸುತ್ತಲೇ ಇವೆ. ಅವುಗಳಿಗೆ ದ್ವೇಷವಿಲ್ಲ.

ಈ ಸರಣಿಯ ಮೊದಲ ಕಥೆಯನ್ನು ಇವತ್ತು ಎಐ ಎಐ ಎಂದು ಬಾಯಿ ಬಡಿದುಕೊಳ್ಳುವ ಪ್ರತಿಯೊಬ್ಬರೂ ಓದಬೇಕು. ಅದರಲ್ಲಿ ಒಂದು ಬರ್ಸರ್ಕರ್ ಮತ್ತು ಮನುಷ್ಯರ ಒಂದೆರಡು ಪುಟ್ಟ ಹಡಗುಗಳು ಎದುರಾಬದುರಾಗಿ ನಿಂತಿವೆ. ಬರ್ಸರ್ಕರ್ ಬಳಿ ಮನುಷ್ಯನ ಬುದ್ಧಿಯನ್ನು ಮಂಕು ಮಾಡುವ ಕಿರಣವೊಂದಿದೆ. ಅದು ನಾಟಿದೆಯೋ ಇಲ್ಲವೋ ನೋಡಲು ಹಡಗಿನಲ್ಲಿ ಒಬ್ಬನೇ ಇರುವ ಪೈಲಟ್‌ಗೆ ಒಂದು ಆಟ ಆಡಲು ಹೇಳುತ್ತದೆ: ಚೆಕರ್ಸ್‌ನಂಥ, ಚಿಕ್ಕ ಮಣೆಯ ಆಟ. ಆಡಲಾಗದಿದ್ದರೆ ಬುದ್ಧಿ ಮಂಕಾಗಿದೆ ಎಂದು ಗೊತ್ತಾಗಿ ಅದು ಮೇಲೆ ಬೀಳುತ್ತದೆ. ಪೈಲಟ್‌ಗೆ ನಿಜಕ್ಕೂ ಮಂಕು ಕವಿದಿದೆ. ಆದರೂ ಅವನ ಕಡೆಯಿಂದ ನಡೆಗಳು ಬರುತ್ತಲೇ ಇರುತ್ತವೆ. ಆಡುತ್ತಿರುವುದು ಅವನ ಸಾಕುಪ್ರಾಣಿ! ಮಂಕು ಕವಿಯುವ ಮೊದಲೇ ಅವನು ಸಣ್ಣ ಸಣ್ಣ ಪೆಟ್ಟಿಗೆಗಳನ್ನು ಮಾಡಿ, ಆಟದಲ್ಲಿ ಬರಬಹುದಾದ ಪ್ರತಿ ಸ್ಥಿತಿಗೂ ಒಂದು ಪೆಟ್ಟಿಗೆ ಇಟ್ಟು, ಒಳಗೆ ಬಣ್ಣದ ಮಣಿ ಹಾಕಿರುತ್ತಾನೆ. ಪ್ರಾಣಿ ಮಣೆಗೆ ತಕ್ಕ ಪೆಟ್ಟಿಗೆ ಹುಡುಕಿ ಒಂದು ಮಣಿ ಎತ್ತಬೇಕು, ಅಷ್ಟೆ. ಬಣ್ಣ ಹೇಳಿದಂತೆ ಕಾಯಿ ನಡೆಯುತ್ತದೆ. ಸೋಲು ತಂದ ಮಣಿಯನ್ನು ತೆಗೆದುಹಾಕುತ್ತ ಹೋದರೆ ಉಳಿಯುವುದು ಒಳ್ಳೆಯ ನಡೆಗಳು ಮಾತ್ರ.

ಇದು ಕಥೆಗಾರನ ಬರೀ ಕಲ್ಪನೆಯಲ್ಲ. ಬ್ರಿಟನ್ನಿನ ಡಾನಲ್ಡ್ ಮಿಚಿ, ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುವಿನ ಗುಪ್ತಲಿಪಿ ಒಡೆಯುತ್ತಿದ್ದವರು, 1961ರಲ್ಲಿ 304 ಬೆಂಕಿಪೊಟ್ಟಣಗಳನ್ನು ಅಂಟಿಸಿ ಸೊನ್ನೆ-ಗುಣಿಸು ಆಟ ಕಲಿಯುವ ಯಂತ್ರ ಮಾಡಿದ್ದರು. ಮರುವರ್ಷ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಇನ್ನೂ ಸರಳವಾದದ್ದನ್ನು ತೋರಿಸಿದರು: ಮೂರು ಮೂರು ಚೌಕದ ಮಣೆ, ಆಚೆ ಮೂರು ಈಚೆ ಮೂರು ಪದಾತಿ, 24 ಬೆಂಕಿಪೊಟ್ಟಣ. ಪದಾತಿ ಚದುರಂಗದಂತೆಯೇ ಒಂದು ಮನೆ ಮುಂದಕ್ಕೆ ನಡೆಯುತ್ತದೆ, ಓರೆಯಾಗಿ ಹೊಡೆಯುತ್ತದೆ. ಆಚೆ ದಡ ಮುಟ್ಟಿದವನು ಅಥವಾ ಎದುರಾಳಿಗೆ ನಡೆಯೇ ಇಲ್ಲದಂತೆ ಮಾಡಿದವನು ಗೆದ್ದ.

ನಾನಿದನ್ನು ಮೊಮ್ಮಗಳ ಬೇಸಿಗೆ ರಜೆಯಲ್ಲಿ ಮಾಡಿದೆ. ಖಾಲಿ ಪೊಟ್ಟಣಕ್ಕೆ ಬೀದಿಯ ಅಂಗಡಿಯವನನ್ನು ಕಾಡಿ, ಮೇಲೆ ಮಣೆಯ ಚಿತ್ರ ಅಂಟಿಸಿ, ಒಳಗೆ ಫ್ಯಾನ್ಸಿ ಸ್ಟೋರಿನ ಪ್ಲಾಸ್ಟಿಕ್ ಮಣಿ ಹಾಕಿದೆವು. ಮೊದಲು ಪೊಟ್ಟಣಗಳು ಮುಟ್ಟಿದ್ದಕ್ಕೆಲ್ಲ ಸೋತವು. ಪ್ರತಿ ಸೋಲಿಗೂ ಕೊನೆಯದಾಗಿ ಬಂದ ಮಣಿಯನ್ನು ಅವಳು ಹೊರಗೆ ಹಾಕುತ್ತಿದ್ದಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಪಂದ್ಯ ತಿರುಗಿತು. ಎರಡನೆಯವನಾಗಿ ಆಡುವವನು ತಪ್ಪದೆ ಆಡಿದರೆ ಈ ಆಟದಲ್ಲಿ ಅವನಿಗೇ ಗೆಲುವು. ಪೊಟ್ಟಣಗಳು ಆಡುವುದು ಎರಡನೆಯದಾಗಿಯೇ. ಆಮೇಲೆ ಅವು ಸೋಲಲೇ ಇಲ್ಲ.

“ಅಜ್ಜ, ಇದಕ್ಕೆ ಆಟ ಗೊತ್ತಾಗೋಯ್ತಾ?” ಅಂದಳು.

“ಇಲ್ಲ ಕಣಮ್ಮ, ಸೋಲೋ ದಾರಿ ಎಲ್ಲ ಮುಚ್ಚಿದ್ಯಲ್ಲ ನೀನು.”

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಸೋದರಳಿಯ ಬಂದವನು ಆ ಪೊಟ್ಟಣಗಳ ಮುಂದೆ ಬಹಳ ಹೊತ್ತು ಕೂತಿದ್ದ. “ನಾವು ಮಾಡೋದೂ ಇಷ್ಟೇ ಮಾವ, ಮಣಿ ಜಾಸ್ತಿ” ಅಂದ. ಅವನು ಹೇಳಿದ್ದು ತೀರಾ ಸರಳೀಕರಣ ಇರಬಹುದು. ಆದರೆ ಒಂದು ವಿಷಯ ಪೊಟ್ಟಣಗಳ ಮುಂದೆ ಕೂತವರಿಗೆ ಬೇಗ ಹತ್ತುತ್ತದೆ: ಆಡುತ್ತಿರುವ ಯಾವ ಪೊಟ್ಟಣಕ್ಕೂ ಆಟವೆಂದರೇನು ಗೊತ್ತಿಲ್ಲ, ಸೋತರೆ ನೋವಿಲ್ಲ, ಆಟ ನಿಲ್ಲಿಸಬೇಕೆಂಬುದೂ ಅದರೊಳಗೆ ಎಲ್ಲೂ ಇಲ್ಲ. ನಿಲ್ಲಿಸುವುದು ಮೊಮ್ಮಗಳಿಗೆ ಹಸಿವಾದಾಗ.

ಫಿಲಿಪ್ ಕೆ. ಡಿಕ್ ಅವರ ‘ಸೆಕೆಂಡ್ ವೆರೈಟಿ’ (1953) ಹೆಚ್ಚು ಜನ ಕೇಳಿರುವ ಕಥೆ. 1995ರಲ್ಲಿ ‘ಸ್ಕ್ರೀಮರ್ಸ್’ ಎಂಬ ಸಿನಿಮಾ ಕೂಡ ಆಯಿತು. ಬೂದಿಯಾದ ಯುರೋಪಿನ ನೆಲದಡಿಯ ಕಾರ್ಖಾನೆಗಳಲ್ಲಿ ಕೊಲೆಯಂತ್ರಗಳು ತಮ್ಮನ್ನು ತಾವೇ ತಯಾರಿಸಿಕೊಳ್ಳುತ್ತ, ಗೊಂಬೆ ಅಪ್ಪಿಕೊಂಡ ಅನಾಥ ಹುಡುಗನ ವೇಷದವರೆಗೂ ಹೋಗುತ್ತವೆ. ಚೆನ್ನಾಗಿ ಹೆದರಿಸುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ಮರುವರ್ಷ ಬಂದ ಇನ್ನೊಂದು, ಅಷ್ಟು ಪ್ರಸಿದ್ಧವಲ್ಲದ ಕಥೆ: ವಾಲ್ಟರ್ ಮಿಲ್ಲರ್ ಅವರ ‘ಐ ಮೇಡ್ ಯೂ’. ಮಿಲ್ಲರ್ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳಲ್ಲಿ ಹಾರಿದ್ದವರು. ಇಟಲಿಯ ಮಾಂಟೆ ಕ್ಯಾಸಿನೋದ ಪುರಾತನ ಸನ್ಯಾಸಿ ಮಠದ ಮೇಲೆ ಬಾಂಬು ಹಾಕಿದ ದಾಳಿಯಲ್ಲಿ ಭಾಗಿಯಾಗಿದ್ದವರು. ಅವರ ಕಥೆ ಚಂದ್ರನ ಮೇಲೆ ನಡೆಯುತ್ತದೆ. ಒಂದು ತುಂಡು ನೆಲ ಕಾಯಲು ಬಿಟ್ಟ ಯಂತ್ರ. ಗಾಯಗೊಂಡಿದೆ. ತನ್ನವರು ಯಾರು, ಪರರು ಯಾರು ಎಂದು ಗುರುತಿಸುವ ಭಾಗ ಕೆಟ್ಟಿದೆ. ಅದನ್ನು ಸರಿಮಾಡಲು ಬಂದವರೂ ಅದಕ್ಕೆ ಶತ್ರುಗಳೇ. ಗುಹೆಯಲ್ಲಿ ಸಿಕ್ಕಿಕೊಂಡ ಕೊನೆಯವನು ಅದನ್ನು ತಯಾರಿಸಿದವರಲ್ಲೇ ಒಬ್ಬ. ಯಂತ್ರಕ್ಕೆ ಸಿಟ್ಟಿಲ್ಲ, ನೋವಿದೆ; ಹತ್ತಿರ ಬಂದದ್ದನ್ನು ಹೊಡೆದರೆ ನೋವು ಕಡಿಮೆಯಾಗುತ್ತದೆ ಎಂದಷ್ಟೇ ಅದಕ್ಕೆ ಗೊತ್ತು. ರಿಪೇರಿಯವನೊಬ್ಬ ಓದಬಾರದ ಕಥೆ ಅದು.

ತನ್ನವರನ್ನು ಗುರುತಿಸದ ಯಂತ್ರಕ್ಕಾಗಿ ಚಂದ್ರನವರೆಗೆ ಹೋಗಬೇಕಾಗಿಲ್ಲ. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧ ನಡೆಯುತ್ತಿದ್ದಾಗ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಮಿತ್ರ ದೇಶ ಬ್ರಿಟನ್ನಿನ ಟಾರ್ನೆಡೋ ವಿಮಾನವನ್ನು ಶತ್ರುವಿನದೆಂದು ಬಗೆದು ಹೊಡೆಯಿತು. ಇಬ್ಬರೂ ವೈಮಾನಿಕರು ಸತ್ತರು. 2019ರ ಫೆಬ್ರವರಿ 27ರಂದು ಕಾಶ್ಮೀರದ ಬುಡ್ಗಾಂನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ವಾಯುಪಡೆಯ ಹೆಲಿಕಾಪ್ಟರನ್ನು ಉರುಳಿಸಿತು. ಆರು ಮಂದಿ ವಾಯುಪಡೆಯವರು, ನೆಲದ ಮೇಲಿದ್ದ ಒಬ್ಬ ನಾಗರಿಕ ಹೋದರು. ಇವೆರಡರಲ್ಲೂ ಯಂತ್ರದ ಹಿಂದೆ ಮನುಷ್ಯರು ಕೂತಿದ್ದರು. ಮನುಷ್ಯ ಕೂತಿದ್ದಾನೆ ಎಂಬುದೊಂದೇ ಸಾಲದು. ಅವನಿಗೆ ಎಷ್ಟು ಸೆಕೆಂಡು ಸಿಗುತ್ತದೆ ಎಂಬುದೂ ಮುಖ್ಯ.

ಪೇಟ್ರಿಯಟ್‌ನದೇ ಇನ್ನೊಂದು ಘಟನೆ ಎಲ್ಲ ಮೆಕ್ಯಾನಿಕ್‌ಗಳಿಗೂ ಬಾಯಿಪಾಠ ಆಗಬೇಕು. 1991ರ ಫೆಬ್ರವರಿ 25, ಸೌದಿ ಅರೇಬಿಯಾದ ಧಹ್ರಾನ್. ಅಲ್ಲಿನ ಒಂದು ಪೇಟ್ರಿಯಟ್ ಘಟಕ ಸುಮಾರು 100 ಗಂಟೆಗಳಿಂದ ಬಿಡದೆ ಓಡುತ್ತಿತ್ತು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಎಣಿಸುವ ರೀತಿಯಲ್ಲಿ ಕೂದಲೆಳೆಯಷ್ಟು ದೋಷ. ನೂರು ಗಂಟೆಗೆ ಅದು ಸೆಕೆಂಡಿನ ಮೂರನೇ ಒಂದು ಭಾಗದಷ್ಟಾಗಿತ್ತು. ಇರಾಕಿನ ಸ್ಕಡ್ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ರೇಡಾರ್ ಎಲ್ಲೆಲ್ಲೋ ಹುಡುಕಿತು, ಏನೂ ಕಾಣದೆ ಸುಮ್ಮನಾಯಿತು. ಸ್ಕಡ್ ಅಮೆರಿಕದ ಸೈನಿಕರ ವಸತಿಯ ಮೇಲೆ ಬಿದ್ದು 28 ಮಂದಿ ಸತ್ತರು. ನಡುನಡುವೆ ಒಮ್ಮೆ ಆಫ್ ಮಾಡಿ ಆನ್ ಮಾಡಿದ್ದರೆ ಗಡಿಯಾರ ಸೊನ್ನೆಯಿಂದ ಶುರುವಾಗುತ್ತಿತ್ತು. ತಿದ್ದಿದ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು ಮಾರನೇ ದಿನ. ಬೋಲೋಗಳು ಕಥೆಯಲ್ಲಿ ಎಪ್ಪತ್ತು ವರ್ಷ ಮಣ್ಣಲ್ಲಿದ್ದು ಎದ್ದು ನಡೆಯುತ್ತವೆ. ಪಾಪ, ಲಾಮರ್ ವರ್ಕ್‌ಶಾಪಿನಲ್ಲಿ ಒಂದು ವಾರ ಕೂತಿರಬೇಕಿತ್ತು.

ಈಗ ಆ ಮುದುಕನ ಕಡೆ ಬರೋಣ. ತನ್ನ ಕಮಾಂಡರ್ ಬಂದು ಹೇಳುವವರೆಗೂ ಯುದ್ಧ ಮುಗಿಸದ ಟ್ಯಾಂಕ್ ಕಥೆಗಾರನ ಅತಿರೇಕ ಎನಿಸಿದರೆ, ಕಥೆ ಬಂದ ಏಳು ವರ್ಷಕ್ಕೆ ಫಿಲಿಪ್ಪೀನ್ಸ್‌ನಲ್ಲಿ ನಡೆದದ್ದು ನೋಡಿ. ಜಪಾನಿನ ಲೆಫ್ಟಿನೆಂಟ್ ಹಿರೂ ಒನೋಡಾ ಲುಬಾಂಗ್ ದ್ವೀಪದ ಕಾಡಿನಲ್ಲಿ 1974ರವರೆಗೂ ಎರಡನೇ ಮಹಾಯುದ್ಧ ಮಾಡುತ್ತಿದ್ದ. ಜಪಾನ್ ಸೋತು ಇಪ್ಪತ್ತೊಂಬತ್ತು ವರ್ಷ ಆಗಿತ್ತು. ಕರಪತ್ರ ಎಸೆದರು, ಅಣ್ಣನನ್ನು ಕರೆತಂದು ಧ್ವನಿವರ್ಧಕದಲ್ಲಿ ಕೂಗಿಸಿದರು. ಎಲ್ಲ ಶತ್ರುವಿನ ಕುತಂತ್ರ ಎಂದುಕೊಂಡ. ಈ ನಡುವೆ ಅವನ ತಂಡದ ಕೈಯಲ್ಲಿ ದ್ವೀಪದ ಬಡ ರೈತರು ಸತ್ತರು. ಕೊನೆಗೆ ಅವನ ಹಳೆಯ ಮೇಜರ್ ತಾನಿಗುಚಿಯನ್ನೇ ಹುಡುಕಿ ಕರೆತರಬೇಕಾಯಿತು. ಅಷ್ಟರಲ್ಲಿ ಮೇಜರ್ ಸಾಹೇಬರು ಪುಸ್ತಕ ಮಾರಿಕೊಂಡಿದ್ದರು. ಕಾಡಿಗೆ ಬಂದು ಆದೇಶ ಓದಿದರು, ಒನೋಡಾ ಬಂದೂಕು ಕೆಳಗಿಟ್ಟ. ಆ ಬಂದೂಕು ಆಗಲೂ ಸರಿಯಾಗಿ ಕೆಲಸ ಮಾಡುತ್ತಿತ್ತಂತೆ. ಜಗತ್ತು ಅವನನ್ನು ನಿಷ್ಠೆಯ ಮೂರ್ತಿ ಎಂದು ಹಾಡಿ ಹೊಗಳಿತು. ಸತ್ತ ರೈತರ ಮನೆಯವರು ಏನೆಂದರೋ ಹೆಚ್ಚು ಜನ ಕೇಳಲಿಲ್ಲ.

ಬೋಲೋ ಕಥೆಗಳ ಅಭಿಮಾನಿಗಳೂ ಒನೋಡಾನನ್ನು ಹೊಗಳಿದವರ ಹಾಗೆಯೇ. ರೆಜಿಮೆಂಟಿನ ಮಾನಕ್ಕಾಗಿ ಪ್ರಾಣ ಕೊಡುವ ಯಂತ್ರ ಎಂದಾಗ ಮಾಜಿ ಸೈನಿಕನಾದ ನನ್ನ ಗಂಟಲೂ ಬಿಗಿಯುತ್ತದೆ, ಸುಳ್ಳೇಕೆ. ನಮ್ಮಲ್ಲೂ ‘ಪಲ್ಟನ್ ಕೀ ಇಜ್ಜತ್’ ಎನ್ನುವ ಮಾತಿಗೆ ಜನ ಏನು ಬೇಕಾದರೂ ಮಾಡಿದ್ದಾರೆ. ಆದರೆ ನಿಷ್ಠೆ ಒಂದು ಬಿಡಿಭಾಗವಾಗಿ ಕಾರ್ಖಾನೆಯಲ್ಲೇ ಕೂರಿಸಿದ್ದಾದರೆ ಅದಕ್ಕೆ ಮೆಡಲ್ ಯಾಕೆ? ಲಾಮರ್ ನಂತರ ಬೋಲೋ ಲೋಕವನ್ನು ಡೇವಿಡ್ ವೆಬರ್ ಮೊದಲಾದವರು ಮುಂದುವರಿಸಿದರು. 1990ರ ದಶಕದಿಂದ ಹಲವು ಸಂಕಲನಗಳು ಬಂದಿವೆ. ಯಂತ್ರಗಳು ಇನ್ನೂ ದೊಡ್ಡವಾದವು, ತ್ಯಾಗ ಇನ್ನೂ ಕಣ್ಣೀರು ತರಿಸುವಂತಾಯಿತು. ನಡುವೆ ಫಿರಂಗಿಗಳ ವಿವರ ಬಂದರೆ ಟೆಂಡರ್ ನೋಟೀಸ್ ಓದಿದ ಹಾಗೆ.

ನಮ್ಮ ಪುರಾಣಕ್ಕೆ ಈ ಸಮಸ್ಯೆ ಗೊತ್ತಿತ್ತು. ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮ ಹುಲ್ಲುಕಡ್ಡಿಯಲ್ಲಿ ಬ್ರಹ್ಮಶಿರಾಸ್ತ್ರ ಹೂಡಿಬಿಡುತ್ತಾನೆ. ಎದುರಿಗೆ ಅರ್ಜುನನದೂ ಹೊರಡುತ್ತದೆ. ಋಷಿಗಳು ನಡುವೆ ಬಂದು ಹಿಂತೆಗೆದುಕೊಳ್ಳಿ ಎಂದಾಗ ಅರ್ಜುನನ ಕೈಲಾಗುತ್ತದೆ, ಅಶ್ವತ್ಥಾಮನ ಕೈಲಾಗುವುದಿಲ್ಲ. ಬಿಡುವ ವಿದ್ಯೆ ಇತ್ತು, ಮರಳಿ ಕರೆಯುವ ವಿದ್ಯೆ ಇರಲಿಲ್ಲ. ಹೊರಟ ಅಸ್ತ್ರ ಎಲ್ಲಾದರೂ ಬೀಳಲೇಬೇಕಲ್ಲ. ಉತ್ತರೆಯ ಹೊಟ್ಟೆಯಲ್ಲಿದ್ದ ಕೂಸಿನ ಕಡೆ ತಿರುಗಿತು. ಈ ಪ್ರಸಂಗವನ್ನು ಹರಿಕಥೆಯಲ್ಲಿ ಕೇಳಿ ಬೆಳೆದವನಿಗೆ ಅಮೆರಿಕದ ಆ ಹೂತಿಟ್ಟ ಟ್ಯಾಂಕ್ ಹೊಸದೆನಿಸಲಿಲ್ಲ.

ಯಾರನ್ನು ಹೊಡೆಯಬೇಕು ಎಂಬುದನ್ನು ತಾವೇ ತೀರ್ಮಾನಿಸುವ ಆಯುಧಗಳ ಬಗ್ಗೆ ಜಿನೀವಾದಲ್ಲಿ ವರ್ಷಗಳಿಂದ ಮಾತುಕತೆ ನಡೆದಿದೆ. 2017 ಮತ್ತು 2018ರಲ್ಲಿ ಆ ತಜ್ಞರ ಸಭೆಗಳ ಅಧ್ಯಕ್ಷತೆ ವಹಿಸಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಗಿಲ್. 2023ರ ಡಿಸೆಂಬರ್‌ನಲ್ಲಿ ಇಂಥ ಆಯುಧಗಳ ಕುರಿತ ನಿರ್ಣಯವೊಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತಕ್ಕೆ ಬಂದಾಗ 152 ದೇಶಗಳು ಪರವಾಗಿದ್ದವು, ನಾಲ್ಕು ವಿರುದ್ಧ. ಆ ನಾಲ್ಕರಲ್ಲಿ ನಾವೂ ಇದ್ದೆವು. ಈ ಚರ್ಚೆಗೆ ಜಿನೀವಾವೇ ಸರಿಯಾದ ಜಾಗ ಎಂಬುದು ಸರ್ಕಾರದ ವಾದ. ವಾದದಲ್ಲಿ ಹುರುಳಿರಬಹುದು, ಗಡಿಯಲ್ಲಿ ಬದುಕುವ ಸೈನ್ಯದ ಕಷ್ಟ ನನಗೂ ಗೊತ್ತು. ಆದರೆ ಇದು ನಾನು ಓದುವ ಪತ್ರಿಕೆಗಳಲ್ಲಿ ಎರಡು ಸಾಲಿನ ಸುದ್ದಿಯೂ ಆಗದೆ ಹೋದದ್ದು ನನಗೆ ಸೇರಲಿಲ್ಲ.

ಲಾಮರ್ ಅವರ ಇನ್ನೊಂದು ಕಥೆ ಹೇಳದೆ ಬಿಡಲಾರೆ. 1969ರ ‘ಎ ರೆಲಿಕ್ ಆಫ್ ವಾರ್’. ಪಾಕಿಸ್ತಾನದ ಜೊತೆಗಿನ ಅಸಲ್ ಉತ್ತರ್ ಕದನದ ಬಳಿಕ ವಶಪಡಿಸಿಕೊಂಡ ಪ್ಯಾಟನ್ ಟ್ಯಾಂಕುಗಳನ್ನು ನಮ್ಮ ದೇಶದ ನಾನಾ ಊರುಗಳಲ್ಲಿ ತಂದು ನಿಲ್ಲಿಸಿದ್ದಾರಲ್ಲ, ಮಕ್ಕಳು ಹತ್ತಿ ಇಳಿಯುತ್ತವಲ್ಲ, ಹಾಗೆ ಒಂದು ಹಳ್ಳಿಯ ಚೌಕದಲ್ಲಿ ಒಂದು ಮುದಿ ಬೋಲೋ ನಿಂತಿದೆ. ಬಳ್ಳಿ ಹಬ್ಬಿದೆ. ಊರವರಿಗೆ ಅದು ಬಾಬಿ. ಕೂತು ಮಾತಾಡುತ್ತಾರೆ, ಅದೂ ಮಾತಾಡುತ್ತದೆ. ಸರ್ಕಾರದ ಕಡೆಯವನೊಬ್ಬ ಅದನ್ನು ಶಾಶ್ವತವಾಗಿ ಆರಿಸಲು ಬರುತ್ತಾನೆ. ಊರೆಲ್ಲ ಅವನ ಮೇಲೆ ಬೀಳುತ್ತದೆ. ಆ ಹೊತ್ತಿಗೇ ಕಾಡಿನಲ್ಲಿ ಉಳಿದಿದ್ದ ಹಳೆಯ ಶತ್ರುಯಂತ್ರವೊಂದು ಏಳುತ್ತದೆ. ಬಾಬಿ ಹೋಗಿ ಅದನ್ನು ಮುಗಿಸಿ, ಜರ್ಜರಿತವಾಗಿ ಮರಳುತ್ತದೆ. ಊರು ಕಾದ ಯಂತ್ರ. ಅಧಿಕಾರಿ ಆದರೂ ಗುಂಡಿ ಒತ್ತುತ್ತಾನೆ.

ಮೊದಲ ಸಲ ಓದಿದಾಗ ಅವನನ್ನು ಬಾಯಿಗೆ ಬಂದಂತೆ ಬೈದಿದ್ದೆ. ಈಗ ಓದಿದರೆ ಆ ಊರಿನಲ್ಲಿ ತನ್ನ ಕೆಲಸ ಸರಿಯಾಗಿ ಮಾಡಿದವನು ಅವನೊಬ್ಬನೇ ಎನಿಸುತ್ತದೆ. ಅವತ್ತು ಬಾಬಿ ಎದುರಿಸಿದ್ದು ನಿಜವಾದ ಶತ್ರುವನ್ನು. ಮುಂದಿನ ಸಲ ಅದು ಬಂಡೆ ಸಿಡಿಸುವ ಸದ್ದೂ ಆಗಬಹುದು.

ಓದಬೇಕೆನ್ನುವವರು ‘ದಿ ಲಾಸ್ಟ್ ಕಮಾಂಡ್’ನಿಂದ ಶುರುಮಾಡಿ, ಆಮೇಲೆ ಬಾಬಿಯ ಕಥೆ, ಆಮೇಲೆ ಸೇಬರ್‌ಹೇಗನ್ ಅವರ ಮಣಿಯ ಆಟ, ಕೊನೆಗೆ ಧೈರ್ಯವಿದ್ದರೆ ಮಿಲ್ಲರ್. ಎಲ್ಲವೂ ಸಣ್ಣವೇ. ಹೊಸ ಕಾಲದ್ದು ಬೇಕೆಂದರೆ ಆನ್ ಲೆಕಿ ಅವರ ‘ಆನ್ಸಿಲರಿ ಜಸ್ಟಿಸ್’ (2013) ಇದೆ. ಅದರಲ್ಲಿ ಕಥೆ ಹೇಳುವುದು ಒಂದು ಯುದ್ಧನೌಕೆಯ ಬುದ್ಧಿ, ಮತ್ತು ಅದು ತಾನು ಪಾಲಿಸಿದ ಒಂದು ಆಜ್ಞೆಯನ್ನು ಮರೆಯಲಾರದು. ಆ ವರ್ಷದ ದೊಡ್ಡ ಪ್ರಶಸ್ತಿಗಳಲ್ಲಿ ಹಲವನ್ನು ಹೊತ್ತೊಯ್ದ ಕಾದಂಬರಿ, ನಿಧಾನವಾಗಿ ಓದಬೇಕು. ಬೋಲೋ ಸಂಕಲನಗಳಲ್ಲಿ ಫಿರಂಗಿಯ ಅಳತೆ ಬಂದ ಕಡೆಯೆಲ್ಲ ಪುಟ ಹಾರಿಸಿ, ಏನೂ ತಪ್ಪಿಹೋಗುವುದಿಲ್ಲ.